ಅಜ್ಜಿ ಹೆಸರು ಹೇಳಿದ ಟೇಪು

ನಮ್ಮಜ್ಜಿ ಬದುಕಿರುವಷ್ಟು ಕಾಲ ತಾತನನ್ನು ಹೆಸರು ಹಿಡಿದು ಕರೆದವಳಲ್ಲ. ಎದುರಿಗಿದ್ದರೆ ‘ಏನೂಂದ್ರೆ’. ತೆಂಗಿನ ತೋಟದ ಆ ತುದಿಯಲ್ಲಿದ್ದರೆ ಹಿತ್ತಲ ಬಾಗಿಲಲ್ಲಿ ನಿಂತು ಊಟದ ತಟ್ಟೆಯನ್ನು ಸೌಟಿನಿಂದ ಬಡಿಯುತ್ತಿದ್ದಳು. ಬೇರೆ ಯಾರು ಹೆಸರು ಹಿಡಿದು ಕೂಗಿದರೂ ತಾತ ‘ಓ’ ಎಂದು ಓಗೊಡುತ್ತಿದ್ದ. ತಟ್ಟೆಯ ಸದ್ದಿಗೆ ಮಾತ್ರ ತುಟಿ ಬಿಚ್ಚದೆ ಎದ್ದು ಬರುತ್ತಿದ್ದ. ತಟ್ಟೆಗೆಲ್ಲ ಯಾರು ಓ ಅಂತಾರೆ ಎಂಬುದು ಅವನ ವಾದ.

ಅಜ್ಜಿ ಆ ಹೆಸರನ್ನು ಹೇಳಿದ್ದು ಒಂದೇ ಸಲ, ನಮ್ಮಮ್ಮನ ಮದುವೆಯಲ್ಲಿ. ಹೊಸಿಲಿಗೆ ಅಡ್ಡ ನಿಂತು ಮದುಮಗಳ ಬಾಯಲ್ಲಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಅಮ್ಮನ ಸರದಿ ಮುಗಿದ ಮೇಲೆ ಹೆಂಗಸರು ಅಜ್ಜಿಯನ್ನೇ ತಡೆದು ನಿಲ್ಲಿಸಿದ್ದರು. ತಾತ ಆಗ ಕುಣಿಗಲ್ಲಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ. ಅವನ ದೊಡ್ಡ ಸ್ಪೂಲ್ ಟೇಪ್‌ರೆಕಾರ್ಡರು ಮೂಲೆಯಲ್ಲಿ ತಿರುಗುತ್ತಿತ್ತು. ಅವನು ಮಾತ್ರ ಪಂಕ್ತಿಯ ಗದ್ದಲದಲ್ಲಿ ಸಾರು ಬಡಿಸುತ್ತಿದ್ದ, ಹೆಸರು ಅವನಿಗೆ ಕೇಳಿಸಲೇ ಇಲ್ಲ. ಆಮೇಲೆ ಟೇಪು ಹಾಕಲು ಹೋದರೆ ಅಜ್ಜಿ, ‘ಅದನ್ನ ಹಾಕುದ್ರೆ ನಾನು ತವರಿಗೆ ಹೊಂಟೋಯ್ತೀನಿ’ ಎಂದು ಹೆದರಿಸಿದಳಂತೆ. ಪುಣ್ಯಾತ್ಮ ಅವಳಿರುವವರೆಗೂ ಹಾಕಲಿಲ್ಲ.

ಅಜ್ಜಿ ತೀರಿಹೋದ ಮರುವರ್ಷ, ತೊಂಬತ್ತರ ದಶಕದ ನಡುವೆ, ತಾತ ಅಮೃತೂರಿನಿಂದ ನನಗೆ ಹೇಳಿ ಕಳಿಸಿದ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಬಹಳ ದಿನ ಉಳಿಯದೆಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅಜ್ಜಿಯ ಬಾಯಲ್ಲಿ ಆ ಹೆಸರನ್ನು ಕೇಳಬೇಕು, ಆದರೆ ಟೇಪ್‌ರೆಕಾರ್ಡರು ಕೆಟ್ಟು ಕೂತಿದೆ ಎಂದಿದ್ದ. ನಾನು ತುಮಕೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೆ. ಸೋಲ್ಡರಿಂಗ್ ಐರನ್ನು, ಮೀಟರು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ.

ಟೇಪ್‌ರೆಕಾರ್ಡರಿನ ಹಿಂದಿನ ಮುಚ್ಚಳ ಬಿಚ್ಚುತ್ತಲೇ ನನಗೆ ಉರಿದುಹೋಯಿತು. ಫ್ಯೂಸ್ ಇರಬೇಕಾದ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುರುಳಿಯಾಗಿ ಕೂತಿತ್ತು.

‘ತಾತ, ಇದು ಯಾರ ಬುದ್ಧಿವಂತಿಕೆ?’

‘ನಂದೇ ಕಣವ್ವ. ಮೈಕ್‌ಸೆಟ್ಗೆಲ್ಲ ಹಂಗೇ ಹಾಕ್ತಿದ್ದೆ.’

‘ಮನೆ ಸುಟ್ಟೋಗಿದ್ರೆ?’

‘ಸುಟ್ಟಿಲ್ವಲ್ಲ, ಬುಡು.’

ಬೈದುಕೊಂಡೇ ಸರಿಯಾದ ಫ್ಯೂಸ್ ಹಾಕಿದೆ. ಸುಟ್ಟು ಕರಕಲಾಗಿದ್ದ ತಂತಿಯೊಂದನ್ನು ಬದಲಿಸಿದೆ. ಅಜ್ಜಿಯ ಸ್ಪೂಲನ್ನು ಮುಟ್ಟದೆ, ತಾತನ ಹಳೆಯ ಮೈಕ್ ಟೆಸ್ಟಿಂಗ್ ಸ್ಪೂಲನ್ನು ಏರಿಸಿ ಪ್ಲೇ ಒತ್ತಿದೆ. ‘ಹಲೋ, ಹಲೋ’ ಎಂದು ತಾತನ ಪ್ರಾಯದ ದನಿ ಗುಡುಗಿತು. ನಡುನಡುವೆ ದನಿ ಪಕ್ಕನೆ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಎಲ್ಲೋ ತಂತಿ ಸಡಿಲವಾಗಿದೆ ಎಂದುಕೊಂಡೆ.

‘ಬಂತಲ್ಲವ್ವ! ನಿಮ್ಮಜ್ಜೀದು ಹಾಕು’ ಎಂದು ತಾತ ಸ್ಪೂಲನ್ನು ನನ್ನ ಮುಂದೆ ಹಿಡಿದ.

ಇನ್ನೊಂದು ಸಲ ನೋಡಿಬಿಡೋಣವೆಂದು ಅದೇ ಮೈಕ್ ಟೆಸ್ಟಿಂಗನ್ನು ಹಿಂದಕ್ಕೆ ಸುತ್ತಿ ಹಾಕಿದೆ. ದನಿ ಮೊದಲ ಸಲ ಎಲ್ಲೆಲ್ಲಿ ನಿಂತಿತ್ತೋ ಅಲ್ಲಲ್ಲೇ ನಿಂತಿತು. ಅದರ ಜೊತೆಗೆ ಹೊಸ ಜಾಗಗಳಲ್ಲೂ ನಿಂತಿತು. ಸಡಿಲ ತಂತಿ ಎರಡು ಸಲವೂ ಒಂದೇ ಅಕ್ಷರದ ಮೇಲೆ ಕೈಕೊಡುವುದಿಲ್ಲ. ದನಿ ನಿಲ್ಲುತ್ತಿರಲಿಲ್ಲ, ಟೇಪಿನಿಂದ ಅಳಿಸಿಹೋಗುತ್ತಿತ್ತು. ರೆಕಾರ್ಡಿಂಗ್ ಸ್ವಿಚ್ಚಿನೊಳಗೆ ಕಿಲುಬು ಹಿಡಿದು, ಪ್ಲೇ ಒತ್ತಿದರೂ ಆಗಾಗ ಹಳೆಯ ದನಿಯನ್ನು ಅಳಿಸುವ ಹೆಡ್ಡಿಗೆ ಕರೆಂಟು ಹರಿಯುತ್ತಿತ್ತು. ಹಾಡಬೇಕಾದ ಯಂತ್ರ ಹಾಡನ್ನೇ ತಿನ್ನುತ್ತಿತ್ತು.

ನಾನು ಸ್ಟಾಪ್ ಒತ್ತಿ, ತಾತನ ಬಲಗಿವಿಯ ಹತ್ತಿರ ಕೂಗಿ ಕೇಳಿದೆ. ‘ಅಜ್ಜೀದನ್ನ ನೀನು ಹಾಕಿದ್ದೇನು?’

ತಾತ ಸ್ಪೂಲನ್ನು ಎದೆಗೆ ಒತ್ತಿಕೊಂಡ. ‘ಹೋದ ತಿಂಗ್ಳು ಒಂಚೂರು ಹಾಕಿದ್ದೆ. ಗದ್ದಲ ಕೇಳಿಸ್ತಿತ್ತು, ಅಷ್ಟ್ರಲ್ಲಿ ಹೊಗೆ ಬಂತು.’

‘ಎಲ್ಲಿವರ್ಗೂ ಹೋಗಿತ್ತು?’

‘ಗೊತ್ತಿಲ್ಲ ಕಣವ್ವ. ನಂಗೇನ್ ಸರ್ಯಾಗಿ ಕೇಳುಸ್ತದಾ?’

ಸಿಟ್ಟು ಬಂತು, ಅಳುವೂ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಆ ಒಂದು ಹೆಸರು ಹೋಗಿದ್ದರೆ ಯಾವ ರಿಪೇರಿಯೂ ಅದನ್ನು ವಾಪಸು ತರುತ್ತಿರಲಿಲ್ಲ.

ಸ್ವಿಚ್ಚನ್ನು ಸ್ಪಿರಿಟ್ಟಿನಲ್ಲಿ ತೊಳೆದೆ. ಆದರೂ ನಂಬಿಕೆ ಬರಲಿಲ್ಲ. ರೆಕಾರ್ಡಿಂಗ್ ಭಾಗಕ್ಕೆ ಕರೆಂಟು ಒಯ್ಯುವ ಕೆಂಪು ತಂತಿಯನ್ನೇ ಹುಡುಕಿ ಕಟಿಂಗ್ ಪ್ಲೇಯರ್‌ನ ಬಾಯಿಗೆ ಕೊಟ್ಟೆ.

‘ಇದನ್ನ ಕತ್ತರಿಸಿದ್ರೆ ಇದ್ರಲ್ಲಿ ರೆಕಾರ್ಡ್ ಮಾಡಕ್ಕಾಗಲ್ಲ ತಾತ.’

ಆ ಪೆಟ್ಟಿಗೆಯ ಮೇಲೆ ಯಾರಾದರೂ ಲೋಟ ಇಟ್ಟರೂ ರೇಗುತ್ತಿದ್ದ ತಾತ ಅದನ್ನೊಮ್ಮೆ ಸವರಿದ. ‘ಇನ್ಯಾರ್ದು ರೆಕಾರ್ಡ್ ಮಾಡ್ಲಿ? ಕತ್ತರ್ಸು.’

ಕತ್ತರಿಸಿದೆ. ಮೈಕ್ ಟೆಸ್ಟಿಂಗನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ಹಳೆಯ ತೂತುಗಳು ಹಾಗೇ ಇದ್ದವು, ಹೊಸದೊಂದೂ ಬೀಳಲಿಲ್ಲ. ಆಗ ಅಜ್ಜಿಯ ಸ್ಪೂಲನ್ನು ಇಸಿದುಕೊಂಡೆ. ಟೇಪಿನ ತುದಿಯನ್ನು ಖಾಲಿ ಸ್ಪೂಲಿಗೆ ಸಿಕ್ಕಿಸಿದೆ. ತಾತ ಸ್ಪೀಕರಿಗೆ ಬಲಗಿವಿ ಆನಿಸಿ ಕೂತ.

ಮೊದಲು ವಾಲಗ ಕೇಳಿಸಿತು, ಆಮೇಲೆ ಬಳೆಗಳ ಸದ್ದು, ನಗು. ಅಮ್ಮ ನಾಚಿಕೊಂಡು ಅಪ್ಪನ ಹೆಸರು ಹೇಳಿದಳು. ಒಂದು ತೂತು ಬಂತು. ‘ಅಕ್ಕಯ್ಯಾ, ಈಗ ನೀನೇಳು’ ಎಂದರು ಯಾರೋ. ‘ಥೂ, ದಾರಿ ಬುಡ್ರೇ’ ಎಂದಿತು ಅಜ್ಜಿಯ ದನಿ. ಅಜ್ಜಿಯೇ, ಆದರೆ ನಾನು ಕಂಡರಿಯದ, ಇನ್ನೂ ಮುದುಕಿಯಾಗದ ಅಜ್ಜಿ. ಮತ್ತೊಂದು ತೂತು, ಈ ಸಲ ಉದ್ದವಾದದ್ದು. ಮುಗಿಯಿತು, ಹೋಯಿತು ಎಂದುಕೊಂಡೆ. ತಾತನ ಮುಖ ನೋಡಲಾರದೆ ಸ್ಪೂಲಿನ ಮೇಲೇ ಕಣ್ಣಿಟ್ಟೆ. ಗದ್ದಲ ಮತ್ತೆ ಹುಟ್ಟಿತು. ‘ಗಟ್ಟಿಯಾಗೇಳು, ಪಂಕ್ತಿಗೆ ಕೇಳಿಸ್ಲಿ’ ಎಂದು ಹೆಂಗಸರು ಕೂಗುತ್ತಿದ್ದರು.

ಅಜ್ಜಿ ಉಸಿರೆಳೆದುಕೊಂಡಳು. ತಾತನ ಹೆಸರನ್ನು ಗಟ್ಟಿಯಾಗಿ, ಸ್ಪಷ್ಟವಾಗಿ, ತೋಟದ ಆ ತುದಿಗೆ ಕೇಳಿಸುವಂತೆ ಹೇಳಿದಳು.

ಅಲ್ಲಿಂದಾಚೆ ಮತ್ತೆ ತೂತು, ಎಲ್ಲಕ್ಕಿಂತ ಉದ್ದವಾದದ್ದು. ಹೆಂಗಸರ ನಗು, ಕೇಕೆ ಏನಿತ್ತೋ ಎಲ್ಲ ಅಳಿಸಿಹೋಗಿತ್ತು. ನಾನು ಸ್ಟಾಪ್ ಒತ್ತಲು ಕೈ ಚಾಚಿದೆ. ತಾತ ತಲೆ ಎತ್ತದೆ ನನ್ನ ಕೈಯನ್ನು ತಡೆದ. ಸ್ಪೂಲು ಸದ್ದಿಲ್ಲದೆ ತಿರುಗುತ್ತಿತ್ತು.

‘ಓ’ ಎಂದ ತಾತ. ‘ಬಂದೆ ಕಣೇ, ಇರು.’