ಹಸಿರು ಬಳಿದ ಮ್ಯಾನಿಫೋಲ್ಡು

ಎಂಜಿನ್ನಿನ ಹೊಗೆ ಹೊರಹಾಕುವ ಕೊಳವೆಗೆ ಕಿಟಕಿಯ ಪೈಂಟ್ ಬಳಿಯುವವರು ನಮ್ಮ ಮನೆಯವರನ್ನು ಬಿಟ್ಟರೆ ಲೋಕದಲ್ಲಿ ಬೇರೆ ಇರಲಾರರು. ಬಳಿದವಳು ಅಮ್ಮ ಎಂದು ನನ್ನ ನೆನಪು. ಆದರೆ ನನ್ನ ನೆನಪು ಅಷ್ಟೇನೂ ವಿಶ್ವಾಸಾರ್ಹವಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಕುಕ್ಕುಂದೂರಿನ ಮನೆಯ ಜೀಪಿಗೆ ಆಗ ಬಟ್ಟೆಯ ಹುಡ್ ಇತ್ತೋ ಇಲ್ಲವೋ, ಆಣೆ ಮಾಡಲಾರೆ. ಸ್ಟೇರಿಂಗ್ ಹಿಡಿದ ಕೈಯಲ್ಲಿ ಗಾಜಿನ ಬಳೆಗಳಿದ್ದವೆಂಬುದನ್ನು ಮಾತ್ರ ಬಿಟ್ಟುಕೊಡಲು ತಯಾರಿಲ್ಲ.

ಅಮ್ಮ ಈಗಿಲ್ಲ. ಅವಳ ತಮ್ಮ, ನನ್ನ ಮಾವ, ನಕ್ಕುಬಿಡುತ್ತಾರೆ: "ನಿನ್ನ ಅಮ್ಮ ಸೈಕಲ್ ಸಹ ಮುಟ್ಟಿದವಳಲ್ಲ. ಜೀಪ್ ಬಿಡ್ತಿದ್ದದ್ದು ಅಜ್ಜ." ಕಾಪುವಿನ ಕಡಲತೀರದ ರೆಸಾರ್ಟೊಂದಕ್ಕೆ ಜೀಪನ್ನು ಕೊಡುವ ಮಾತುಕತೆಯನ್ನೂ ಅವರೇ ನಡೆಸಿದ್ದರು. ಗೇಟಿನ ಬಳಿ ನಿಲ್ಲಿಸಿ, ಬಾನೆಟ್ಟಿನೊಳಗೆ ಹೂವಿನ ಚಟ್ಟಿ ಇಡುತ್ತಾರಂತೆ. "ಎಂಜಿನ್ ಎಂತಕ್ಕೆ ಮಾರಾಯ್ತಿ? ಫೋಟೋದಲ್ಲಿ ಕಾಣ್ತದಾ?"

"ನಾನೇ ಕೈಹಚ್ಚಿ ರಿಪೇರಿ ಮಾಡ್ತೇನೆ. ಓಡಿದರೆ ಕೊಡಬಾರದು," ಎಂದೆ. ಮಣಿಪಾಲದಲ್ಲಿ ಪಾಠ ಹೇಳುವ ಕೈಗಳ ಮೇಲೆ ಅವರಿಗಿದ್ದ ಅಪನಂಬಿಕೆ ಎಷ್ಟೆಂದರೆ, ಕೂಡಲೇ ಒಪ್ಪಿಕೊಂಡರು.

ಕಾರ್ಕಳದ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿದಾಗ ಮ್ಯಾನಿಫೋಲ್ಡುಗಳು ನನ್ನ ಪಾಲಿಗೆ ಬಂದವು: ಗಾಳಿ ಮತ್ತು ಪೆಟ್ರೋಲನ್ನು ಒಳಗೆ ತರುವುದೊಂದು, ಸುಟ್ಟ ಹೊಗೆಯನ್ನು ಹೊರಗೆ ಕಳಿಸುವುದೊಂದು. ಒಂದಕ್ಕೊಂದು ಬೋಲ್ಟಿನಿಂದ ಬಿಗಿದ ಈ ಜೋಡಿಯನ್ನು ಬೇರ್ಪಡಿಸುವಷ್ಟರಲ್ಲಿ ಬೋಲ್ಟೂ ಮುರಿಯಿತು, ನನ್ನ ಉಗುರೂ ಮುರಿಯಿತು. ಎಂಜಿನ್ನಿಗೆ ಅಂಟಿ ಕೂರಬೇಕಾದ, ಡೊಂಕಾಗಿದ್ದ ಮುಖಗಳನ್ನು ಉಡುಪಿಯ ವರ್ಕ್‌ಶಾಪಿನಲ್ಲಿ ಸಪಾಟು ಮಾಡಿಸಿ ತಂದು, ಸೀಮೆಎಣ್ಣೆ ಸವರಿ, ತಂತಿಯ ಬ್ರಷ್ಷಿನಿಂದ ತಿಕ್ಕತೊಡಗಿದೆ. ಹೊಗೆಯ ಕೊಳವೆಯಲ್ಲಿ ಬರೀ ತುಕ್ಕು. ಆದರೆ ಗಾಳಿಯದರ ಮೂಲೆಗಳಲ್ಲಿ, ಕಾವು ಅಷ್ಟಾಗಿ ತಟ್ಟದ ಕಡೆ, ಹಸಿರು ಕಂಡಿತು. ನಮ್ಮ ಕಿಟಕಿ ಸರಳುಗಳಿಗೆ ಅಮ್ಮ ಬಳಿಯುತ್ತಿದ್ದ ಅದೇ ಹಸಿರು, ಪದರದ ಮೇಲೆ ಪದರ.

ನಮ್ಮಲ್ಲೊಂದು ಕ್ರಮವಿತ್ತು. ಆಯುಧಪೂಜೆಯ ಮುನ್ನಾದಿನ ಯಾರು ಏನನ್ನು ಬಳಸುತ್ತಾರೋ ಅದನ್ನು ಅವರೇ ತೊಳೆದು ಬಣ್ಣ ಹಚ್ಚಬೇಕು. ಅಜ್ಜ ನೆಲ ಅಗೆಯುವ ಪಿಕ್ಕಾಸನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ವಿಜಯೋತ್ಸಾಹದಿಂದ ಮಾವನಿಗೆ ಫೋನ್ ಮಾಡಿದೆ.

"ಬಣ್ಣ ಬಳಿದವರೆಲ್ಲ ಡ್ರೈವರಾ? ಹಾಗಾದ್ರೆ ನಮ್ಮ ಪೈಂಟರ್ ಬಸ್ಸು ಬಿಡ್ಬೇಕಿತ್ತು, ಅಲ್ವಾ?"

ವಾದ ಸರಿಯೇ. ನನ್ನ ವಿದ್ಯಾರ್ಥಿಗಳು ಇಂಥ ಸಾಕ್ಷ್ಯ ತಂದರೆ ನಾನೂ ಅಂಕ ಕೊಡಲಾರೆ. ಕಂಡದ್ದನ್ನು ನೆನೆಯುತ್ತಿದ್ದೇನೆಯೋ, ಬಯಸಿದ್ದನ್ನೋ? ಗೊತ್ತಿಲ್ಲ. ಆದರೂ ಗೊತ್ತಿಲ್ಲವೆಂಬ ಕಾರಣಕ್ಕೆ ಅಮ್ಮನನ್ನು ಚಾಲಕಿಯ ಸೀಟಿನಿಂದ ಇಳಿಸಿ, ಅಲ್ಲಿ ಹೂವಿನ ಚಟ್ಟಿ ಇಡಲು ನಾನು ಬಿಡುವವಳಲ್ಲ. ಅಂಗಡಿಯಿಂದ ಅದೇ ಹಸಿರಿನ ಡಬ್ಬಿ ತಂದೆ. ಶಾಖ ತಡೆಯುವ ಬಣ್ಣ ಬೇರೆಯೇ ಉಂಟೆಂದು ಮೆಕ್ಯಾನಿಕ್ ತಲೆ ಚಚ್ಚಿಕೊಂಡರೂ ಕೇಳದೆ, ಎರಡಕ್ಕೂ ಧಾರಾಳವಾಗಿ ಬಳಿದೆ.

ಜೀಪು ಗುರುಗುಟ್ಟಿ ಹೊರಟ ಬೆಳಿಗ್ಗೆ ಮಾವ ಪಕ್ಕದ ಸೀಟಿನಲ್ಲಿದ್ದರು, ಸೋತ ಮುಖದಲ್ಲಿ. ನಿಟ್ಟೆ ದಾಟುವುದರೊಳಗೆ ಬಣ್ಣ ಬೆಂದು, ಕಣ್ಣು ಉರಿಸುವ ಘಾಟು ಒಳಗೆಲ್ಲ ತುಂಬಿತು.

"ಆಗ್ಲೇ ಹೇಳಿದ್ದೆ, ಇದಕ್ಕೆ ಪೈಂಟ್ ಬೇಡ ಅಂತ!" ಮಾವ ಸಿಡುಕಿದರು. "ಕಾಪು ಮುಟ್ಟುವ ತನಕ ಇದೇ ವಾಸನೆ. ಪ್ರತಿ ವರ್ಷ!"

ನಾನು ಬ್ರೇಕ್ ಒತ್ತಿದೆ. ನನಗೆ ಹಾಗೆಂದದ್ದು ಮೆಕ್ಯಾನಿಕ್, ಮಾವನಲ್ಲ; ನಾನು ಬಣ್ಣ ಬಳಿದದ್ದೂ ಇದೇ ಮೊದಲು. ಮಾವ ಕರವಸ್ತ್ರದಿಂದ ಮೂಗಿನೊಡನೆ ಬಾಯಿಯನ್ನೂ ಮುಚ್ಚಿಕೊಂಡರು. ನಾನು ಕೇಳಿದ್ದು ಇಷ್ಟೇ:

"ಯಾರಿಗೆ ಹೇಳಿದ್ದು, ಮಾವ?"