ಒಂದೇ ಹೆಸರಿನ ಮಕ್ಕಳು

ನಮ್ಮವ್ವ ನನ್ನನ್ನು ಯಾವತ್ತೂ ಹೆಸರು ಹಿಡಿದು ಕರೆದವಳಲ್ಲ. ಅಕ್ಕಂದಿರಿಗೆಲ್ಲ ಹೆಸರಿತ್ತು, ನಾನು ಮಾತ್ರ ‘ತಮ್ಮಾ’. ಧಾರವಾಡದಲ್ಲಿ ದಾರಿಯಲ್ಲಿ ಸಿಕ್ಕ ಹುಡುಗನನ್ನೂ ಹಾಗೇ ಕರೆಯುತ್ತಾರೆ. ನನಗೆ ಸಿಟ್ಟು ಬರುತ್ತಿತ್ತು. ಯಾಕೆಂದು ಕೇಳಿದರೆ ಸೆರಗು ಕೊಡವಿ ಒಳಗೆ ಹೋಗುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ಅವಳು ನನ್ನಲ್ಲಿಗೆ ಬಂದಾಗ ನಾನು ಪರದೇಶದ ಬರ್ಲಿಂಗ್ಟನ್ನಿನಲ್ಲಿ ಒಬ್ಬ ಜರ್ಮನ್ ಮುದುಕನ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಮೆಟ್ಟಿಲ ಗೋಡೆಗೆ ಅವನೊಂದು ದೊಡ್ಡ ಚಿತ್ರ ತೂಗುಹಾಕಿದ್ದ, ಅವನ ಹುಟ್ಟೂರಿನ ಚರ್ಚಿನಲ್ಲಿರುವ ಚಿತ್ರದ ನಕಲು. ನಾನೂರು ವರ್ಷದ ಹಿಂದೆ ಆ ಊರನ್ನಾಳಿದ ಧಣಿ ಕೊರಳ ಸುತ್ತ ನೆರಿಗೆ ನೆರಿಗೆಯ ಅಗಲ ಕಾಲರು ತೊಟ್ಟು ಮೊಣಕಾಲೂರಿ ಕೈಮುಗಿದಿದ್ದಾನೆ, ಹಿಂದೆ ಗಂಡುಮಕ್ಕಳ ಸಾಲು. ಎದುರಿಗೆ ಇಬ್ಬರು ಹೆಂಡಿರು, ಹೆಣ್ಣುಮಕ್ಕಳು. ಲೈಟು ಹಾಕದೆ ಇಳಿದರೆ ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ನನಗೆ ಆ ಚಿತ್ರ ಕಂಡರಾಗುತ್ತಿರಲಿಲ್ಲ. ಅವ್ವನಿಗೆ ಮಾತ್ರ ಮೊದಲ ದಿನ ನಗುವೋ ನಗು.

“ಕೊರಳಾಗ ಎಷ್ಟ ದೊಡ್ಡ ಚಕ್ಕಲಿ ಹಾಕ್ಕೊಂಡಾನ ನೋಡ, ತಮ್ಮಾ!”

ಆಮೇಲೆ ಕೆಲವರ ತಲೆಯ ಮೇಲಿದ್ದ ಪುಟ್ಟ ಕೆಂಪು ಶಿಲುಬೆಗಳು ಅವಳ ಕಣ್ಣಿಗೆ ಬಿದ್ದವು. “ಇವು ಯಾಕಂತ ಆ ಅಜ್ಜಾರನ್ನ ಕೇಳ,” ಅಂದಳು.

ಒಂದು ಭಾನುವಾರ ಮುದುಕ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತು ಹೇಳಿದ, ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಶಿಲುಬೆ ಇದ್ದವರು ಚಿತ್ರ ಬರೆಸುವ ಮೊದಲೇ ಸತ್ತವರು. ಮೊದಲ ಹೆಂಡತಿ ಹೆರಿಗೆಯಲ್ಲಿ, ಮಕ್ಕಳು ಪ್ಲೇಗಿನಲ್ಲಿ. ಸತ್ತರೆಂದು ಸಂಸಾರದಿಂದ ಅವರನ್ನು ಹೊರಗಿಡುತ್ತಿರಲಿಲ್ಲ. ತನ್ನ ನಂತರ ಕೋಟೆ ಆಳುವವನಿಗೆ ಅಜ್ಜನ ಹೆಸರೇ ಇರಬೇಕೆಂದು ಧಣಿಯ ಹಟ. ಮೊದಲ ಮಗನಿಗೆ ಇಟ್ಟ, ಆ ಮಗ ಹೋದ. ಎರಡನೆಯವನಿಗೂ ಅದನ್ನೇ ಇಟ್ಟ, ಅವನೂ ಹೋದ. ಮೂರನೆಯವನಿಗೂ ಅದೇ ಹೆಸರು. ಅವನು ಬದುಕಿದ, ಕೋಟೆ ಅವನಿಗೆ ಬಂತು.

ಅವ್ವ ಆ ಮೂರನೆಯವನನ್ನೇ ನೋಡುತ್ತಿದ್ದಳು. “ಇವನ ಅವ್ವ ಇವನ್ನ ಏನಂತ ಕರೀತಿದ್ಲಂತ?”

ಮುದುಕ ಕಾಫಿ ಬಟ್ಟಲು ಹಿಡಿದು ಮೇಲೆ ಹೋದ ಮೇಲೆ ಅವ್ವ ಮೆಟ್ಟಿಲ ಮೇಲೆ ಕೂತಳು.

“ನಿನಗಿಂತ ಮೊದ್ಲ ಒಬ್ಬಾಂವ ಇದ್ದ, ತಮ್ಮಾ. ಆಗಷ್ಟ ನಡಿಯಾಕ ಕಲ್ತಿದ್ದ. ಜ್ವರ ಬಂದು ಹೋದ. ನಿಮ್ಮಜ್ಜ ಅವನ ಹೆಸರ ತಗದು ನಿನಗಿಟ್ಟ. ಹಂಗ ಕರದ್ರ ಅವನೂ ಓ ಅಂತಾನ.”

ಇಷ್ಟು ವರ್ಷ ಒಬ್ಬರೂ ಬಾಯಿ ಬಿಟ್ಟಿರಲಿಲ್ಲವಲ್ಲ ಎಂದು ಸಿಟ್ಟೂ ಬಂತು, ಅಳುವೂ ಬಂತು. ಅಂದಿನಿಂದ ಆಫೀಸಿನಲ್ಲಿ ಯಾರಾದರೂ ನನ್ನ ಹೆಸರು ಕೂಗಿದರೆ ಬೆನ್ನ ಹಿಂದೆ ಇನ್ನೊಬ್ಬ ತಿರುಗಿದಂತಾಗುತ್ತಿತ್ತು. ಈಗಲೂ ಆಗುತ್ತದೆ.

ಅವಳು ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ ಅಲ್ಲಿನ ಕೆಲಸದ ಒಬ್ಬ ಹುಡುಗಿ ಅವಳ ವ್ಹೀಲ್‌ಚೇರು ತಳ್ಳಿಕೊಂಡು ಒಳಗೆ ನಡೆದಳು. ಬಾಗಿಲ ಹತ್ತಿರ ಅವ್ವ ಕುರ್ಚಿ ನಿಲ್ಲಿಸಿ ಹಿಂದಕ್ಕೆ ಹೊರಳಿ ಹೆಸರು ಹಿಡಿದು ಕೂಗಿದಳು. ಜೀವಮಾನದಲ್ಲಿ ಮೊದಲ ಸಲ. ಓ ಎನ್ನಲು ನಾನು ಬಾಯಿ ತೆರೆದೆ. ಆದರೆ ಅವಳ ಕಣ್ಣು ನನ್ನ ಮೊಣಕಾಲಿನ ಪಕ್ಕದಲ್ಲಿ, ಒಂದು ಕೂಸು ನಿಲ್ಲುವಷ್ಟು ಖಾಲಿ ಜಾಗದ ಮೇಲಿತ್ತು. ನಾನು ಬಾಯಿ ಮುಚ್ಚಿಕೊಂಡೆ.