ಕಿವಿ ತಪಾಸಣೆಗೆ ಬಂದಿದ್ದ ಕಾಕಾ

ಬಾಗಲಕೋಟೆಯಿಂದ ಡಾಕ್ಟರು ಬರದೇ ಇರಬಹುದು. ಬಂದರೂ ಪರೀಕ್ಷೆ ಮಾಡುವ ಯಂತ್ರವನ್ನು ಅಲ್ಲೇ ಬಿಟ್ಟು ಬರಬಹುದು. ಗಾಳಿಗೆ ಶಾಮಿಯಾನ ಕಿತ್ತುಹೋಗಬಹುದು. ಕರೆಂಟು ಹೋಗಬಹುದು, ಆಗಲೇ ಜನರೇಟರಿನವನು ಊಟಕ್ಕೆ ಹೋಗಿರಬಹುದು. ಶಾಲೆಯ ಬೇವಿನ ಗಿಡದಲ್ಲಿ ಜೇನು ಏಳಬಹುದು. ಪುಣೆಯ ಸಾಹೇಬರ ಉಪ್ಪಿಟ್ಟಿನಲ್ಲಿ ಕೂದಲು ಸಿಗಬಹುದು. ಜನ ಬರದೇ ಇರಬಹುದು. ಜನ ತೀರಾ ಹೆಚ್ಚು ಬರಬಹುದು...

ಇದೆಲ್ಲ ನನ್ನದೇ ಅಕ್ಷರ. ಕಳೆದ ವಾರ ಕಪಾಟು ಸ್ವಚ್ಛ ಮಾಡುವಾಗ ಹಳೆಯ ಶಿಬಿರವೊಂದರ ಆಮಂತ್ರಣ ಪತ್ರಿಕೆಯ ಹಿಂದೆ ಸಿಕ್ಕಿತು. ಆತಂಕಗಳಿಗೆ ಕ್ರಮಸಂಖ್ಯೆ ಕೂಡ ಹಾಕಿದ್ದೆ. ಅವುಗಳಲ್ಲಿ ಒಂದೂ ನಡೆದಿರಲಿಲ್ಲ. ನಗುತ್ತ ಪತ್ರಿಕೆ ತಿರುಗಿಸಿದರೆ, ಮುಂದಿನ ಮಗ್ಗುಲಲ್ಲಿ ಎಣ್ಣೆ ಹತ್ತಿದ ಹೆಬ್ಬೆರಳಿನ ಗುರುತು. ಮೂಗಿಗೆ ಹಿಡಿದು ನೋಡಿದೆ. ಇಷ್ಟು ವರ್ಷ ವಾಸನೆ ಉಳಿದಿರುವುದಿಲ್ಲ ಎಂದು ಗೊತ್ತು. ಆದರೂ ಮಗ್ಗದ ಎಣ್ಣೆ, ನೂಲಿನ ಗಂಜಿ, ಬೀಡಿ ಮೂರೂ ಬೆರೆತ ಕಾಕಾನ ವಾಸನೆ ಬಂದಂತಾಯಿತು.

ಕಾಕಾ ಎಂದರೆ ನನ್ನಪ್ಪನ ತಮ್ಮನಲ್ಲ. ಬನಹಟ್ಟಿಯ ನಮ್ಮ ಓಣಿಯವರು. ನಮ್ಮ ಶೆಡ್ಡಿನ ಎಂಟು ಪವರ್‌ಲೂಮ್ ಮಗ್ಗಗಳನ್ನು ರಿಪೇರಿ ಮಾಡಿಕೊಂಡಿದ್ದ ಜಾಬರ್. ಅವರ ವಿದ್ಯೆಯೆಲ್ಲ ಕಿವಿಯಲ್ಲಿತ್ತು. ಎಂಟೂ ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ನಮಗೆ ಕೇಳುತ್ತಿದ್ದದ್ದು ಒಂದೇ ಗದ್ದಲ. ಕಾಕಾ ಮಾತ್ರ ಬಾಗಿಲಲ್ಲಿ ನಿಂತೇ, ‘ನಾಕನೇದು ಕೆಮ್ಮಾಕತ್ತೇತಿ, ಬಂದ್ ಮಾಡ್ರಿ’ ಎಂದು ಕೈಸನ್ನೆ ಮಾಡುತ್ತಿದ್ದರು. ತೆರೆದು ನೋಡಿದರೆ ನಾಲ್ಕನೆಯದರಲ್ಲೇ ಏನೋ ಸಡಿಲಾಗಿರುತ್ತಿತ್ತು.

ಕಿವಿಗೆ ಅರಳೆ ಇಟ್ಟುಕೋ ಎಂದು ಅಪ್ಪ ಹೇಳುತ್ತಿದ್ದರು. ಅಷ್ಟು ಹೇಳಿದರೆ ಮಾಲೀಕನ ಕರ್ತವ್ಯ ಮುಗಿಯಿತೆಂದು ಅವರ ನಂಬಿಕೆ. ಅರಳೆ ಇಟ್ಟರೆ ಮಗ್ಗದ ಕೆಮ್ಮು ಕೇಳುವುದು ಹೇಗೆ? ಕಾಕಾ ಇಡಲಿಲ್ಲ. ಇಪ್ಪತ್ತು ವರ್ಷ ನಮ್ಮ ಶೆಡ್ಡಿನಲ್ಲಿ ನಿಂತರು. ಕೊನೆಕೊನೆಗೆ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಅದರ ನಡುಕದಿಂದ ರೋಗ ಹಿಡಿಯತೊಡಗಿದರು. ಅದೂ ಒಂದು ಚಮತ್ಕಾರವೆಂದು ನಾವು ನೋಡಿ ಹೊಗಳಿದೆವೇ ಹೊರತು, ಅಂಗೈ ಯಾಕೆ ಬೇಕಾಯಿತೆಂದು ಕೇಳಲಿಲ್ಲ. ಆ ಗದ್ದಲದಲ್ಲಿ ಹುಟ್ಟಿದ ಬಟ್ಟೆ ಮಾರಿ ನಾನು ಧಾರವಾಡದಲ್ಲಿ ಸಮಾಜಕಾರ್ಯ ಓದಿದೆ. ಓದಿ ಬಂದು, ಪುಣೆಯಲ್ಲಿ ಮುಖ್ಯ ಕಚೇರಿಯಿದ್ದ ನೂಲಿನ ಕಂಪನಿಯೊಂದರಲ್ಲಿ ಸಾಮಾಜಿಕ ಹೊಣೆಗಾರಿಕೆ ವಿಭಾಗ ಸೇರಿದೆ. ವಿಭಾಗವೆಂದರೆ ಒಂದು ಮೇಜು, ಮತ್ತು ನಾನು.

ನೇಕಾರರಿಗೆ ಉಚಿತ ಕಿವಿ ತಪಾಸಣೆ, ಬೇಕಾದವರಿಗೆ ಅವತ್ತೇ ಕಿವಿಯ ಮಶೀನು ಎಂದು ಕಂಪನಿ ಒಪ್ಪಿದಾಗ ಪಟ್ಟಿಯಲ್ಲಿ ಮೊದಲು ಬರೆದದ್ದು ಕಾಕಾನ ಹೆಸರು. ಆಗ ಅವರು ಒಂಟಿ. ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡಿದ್ದರು, ಮಗಳನ್ನು ಮುಧೋಳಕ್ಕೆ ಕೊಟ್ಟಿದ್ದರು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುವುದು ಮಗ್ಗದವರಿಗೆಲ್ಲ ಬರುತ್ತದೆ, ಕಾಕಾನಿಗೂ ಬರುತ್ತಿತ್ತು. ಆದರೆ ಫೋನಿಗೆ ತುಟಿ ಇಲ್ಲವಲ್ಲ. ದಿನಾ ಸಂಜೆ ಅಂಗಿಯ ಕಿಸೆಯಲ್ಲಿ ಫೋನು ನಡುಗಿದರೆ ಮಗಳೆಂದು ತಿಳಿದು, ಆರಾಮ ಇದ್ದೇನೆ, ಉಂಡೆ, ನೀನೂ ಉಣ್ಣು ಎಂದು ಮೂರು ಮಾತು ಹೇಳಿ ಇಟ್ಟುಬಿಡುತ್ತಿದ್ದರು.

ಪತ್ರಿಕೆ ಹಿಡಿದುಕೊಂಡು ಹೋದ ದಿನ ಅವರು ಅದನ್ನು ಹಿಂದೆ ಮುಂದೆ ನೋಡಿ ನನಗೇ ಮರಳಿ ಕೊಟ್ಟರು. ಇದನ್ನು ದೊಡ್ಡ ಮಂದಿಗೆ ಕೊಡು, ನಾನು ಹಾಗೇ ಬರುತ್ತೇನೆ ಎಂದರು. ಆಮೇಲೆ ಸ್ವಲ್ಪ ನಾಚಿಕೊಂಡು ಕೇಳಿದರು:

“ಮೊಮ್ಮಗಳು ಮಾತಾಡಾಕತ್ತಾಳಂತ ತಮ್ಮಾ. ಆ ಮಶೀನ ಹಾಕ್ಕೊಂಡ್ರ ಫೋನಿನ್ಯಾಗ ಸಣ್ಣ ಕೂಸಿನ ದನಿ ಕೇಳ್ತೈತೇನು?”

ಕೇಳುತ್ತದೆ ಎಂದೆ. ನನಗೇನೂ ಗೊತ್ತಿರಲಿಲ್ಲ.

ಶಿಬಿರದ ದಿನ ಒಂಬತ್ತಕ್ಕೇ ಬಂದು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದರು. ದೂರದಿಂದ ಕೈ ಮಾಡಿದೆ. ಅವರೂ ಮಾಡಿದರು. ಆಮೇಲೆ ನಾನು ಜನರೇಟರಿಗೂ ಉಪ್ಪಿಟ್ಟಿಗೂ ನಡುವೆ ಓಡಾಡುತ್ತಿದ್ದೆ. ಡಾಕ್ಟರು ಬಂದರು, ಯಂತ್ರವೂ ಬಂತು, ಜೇನು ಏಳಲಿಲ್ಲ. ಸಂಜೆ ಸಾಹೇಬರು ನನ್ನ ಬೆನ್ನು ತಟ್ಟಿ ಕಾರು ಹತ್ತಿದರು.

ಮರುದಿನ ಪಟ್ಟಿ ನೋಡಿದರೆ ಕಾಕಾನ ಹೆಸರಿನ ಮುಂದೆ ‘ಗೈರು’ ಎಂದು ಬರೆದಿತ್ತು.

ಸಿಟ್ಟಿನಲ್ಲೇ ಅವರ ಮನೆಗೆ ಹೋದೆ. ಎಲ್ಲಿ ಹೋಗಿದ್ದಿರಿ ಎಂದು ಕೇಳಿದೆ. ಎಲ್ಲಿಗೂ ಹೋಗಿಲ್ಲ, ಕುರ್ಚಿ ಎತ್ತುವ ತನಕ ಕೂತಿದ್ದೆ, ನನ್ನ ಪಾಳಿ ಬರಲಿಲ್ಲ ಎಂದರು. ನನ್ನ ಮುಖ ನೋಡಿ ನನಗೇ ಸಮಾಧಾನ ಹೇಳತೊಡಗಿದರು. ಎಷ್ಟು ಮಂದಿ ಬಂದಿದ್ದರು, ಕಂಪನಿಯವರಾದರೂ ಎಲ್ಲರಿಗೂ ಎಲ್ಲಿಂದ ತರಬೇಕು ಎಂದು.

“ಹೆಸರ ಕರದಾರ ಕಾಕಾ,” ಎಂದೆ. “ಮೂರ ಸಲ ಕರದಾರ.”

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಆಗ ಅವರಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು.

“ಕರದ್ರ ಕೇಳೂವಂಗಿದ್ರ ನಾ ಅಲ್ಲಿಗ್ಯಾಕ ಬರತಿದ್ನೋ ಹುಚ್ಚಪ್ಪಾ? ಶೆಡ್ಡಿನ್ಯಾಗ ಬೆಳದಾಂವ ನೀ. ಅಲ್ಲಿ ಯಾರರೆ ಹೆಸರ ಹಿಡದು ಕರದದ್ದು ನೋಡೀಯೇನು?”

ನೋಡಿರಲಿಲ್ಲ. ಮಗ್ಗ ನಡೆಯುವಲ್ಲಿ ಕೂಗಿ ಪ್ರಯೋಜನವಿಲ್ಲ. ಬೇಕಾದವರ ಹತ್ತಿರ ನಡೆದುಹೋಗಿ ಹೆಗಲು ಮುಟ್ಟಬೇಕು. ಮಾಲೀಕನಾದ ನನ್ನಪ್ಪನೂ ಹಾಗೇ ಮಾಡುತ್ತಿದ್ದರು. ಮಾತು ಕಲಿಯುವ ಮೊದಲೇ ನಾನು ಕಲಿತ ಪಾಠವದು. ಕಿವುಡರ ಶಿಬಿರದಲ್ಲಿ ಹೆಸರು ಕೂಗಿ ಕರೆಯುವ ವ್ಯವಸ್ಥೆ ಮಾಡಿದವನೂ ನಾನೇ. ಉಳಿದವರ ಜೊತೆ ಹೆಂಡತಿಯೋ ಮಗನೋ ಬಂದು ಕೇಳಿಸಿಕೊಂಡಿದ್ದರು. ಕಾಕಾ ಒಬ್ಬರೇ ಬಂದಿದ್ದರು.

ಕಂಪನಿಗೆ ಫೋನು ಮಾಡಿದೆ. ಉಳಿದ ಮಶೀನುಗಳು ಡಾಕ್ಟರ ಜೊತೆ ವಾಪಸು ಹೋಗಿದ್ದವು. ಈ ವರ್ಷದ ಕಿವಿ ಮುಗಿದಿದೆ, ಬರುವ ವರ್ಷ ಸಸಿ ನೆಡುವುದು ಎಂದು ತಿಳಿಯಿತು. ತಿಂಗಳಾದ ಮೇಲೆ ವರದಿ ಅಚ್ಚಾಗಿ ಬಂತು. ಅದರ ಮುಖಪುಟದಲ್ಲೇ ಮೂರನೇ ಸಾಲಿನ ಬಿಳಿ ಅಂಗಿ ಇತ್ತು. ಕೈಕಟ್ಟಿ ಕೂತು, ಭಾಷಣವನ್ನು ಬಹಳ ಗಮನವಿಟ್ಟು ಕೇಳುತ್ತಿರುವಂತೆ...

ಕಂಪನಿಯನ್ನು ಬಿಡಿ, ಅದಕ್ಕೆ ಹೆಗಲೂ ಇಲ್ಲ, ಮುಟ್ಟಲು ಕೈಯೂ ಇಲ್ಲ. ನಾನಿದ್ದೆನಲ್ಲ. ಜಮಖಂಡಿಯಲ್ಲಿ ಕಿವಿ ಡಾಕ್ಟರಿದ್ದರು, ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಮಶೀನು ಅಗ್ಗದ್ದಾದರೆ ಸಿಳ್ಳೆ ಹಾಕಬಹುದೇ? ಮಾಲೀಕನ ಮಗ ದಾನ ಕೊಟ್ಟನೆಂದು ಕಾಕಾ ನೊಂದುಕೊಳ್ಳಬಹುದೇ? ಓಣಿಯ ಉಳಿದವರೂ ಕೇಳಿದರೆ? ಚಿಂತೆ ಮಾಡಿದರೆ ಅರ್ಧ ಕೆಲಸ ಮಾಡಿದಂತೆ ಎಂದು ತಿಳಿದವರ ಪೈಕಿ ನಾನು. ಯುಗಾದಿ ಆಗಲಿ ಎಂದೆ. ಶ್ರಾವಣ ಕಳೆಯಲಿ ಎಂದೆ. ದೀಪಾವಳಿಯ ಹೊತ್ತಿಗೆ ಎರಡು ದಿನದ ಜ್ವರದಲ್ಲಿ ಕಾಕಾ ಹೋಗಿಬಿಟ್ಟರು.

ಮಗಳು ಮುಧೋಳದಿಂದ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಕೂಸು ಬಿಡುವಿಲ್ಲದೆ ಮಾತಾಡುತ್ತಿತ್ತು. ಅವಳು ಅತ್ತು ಮುಗಿಸಿ, ಬಾಗಿಲ ಬಳಿ ನಿಂತಿದ್ದ ನನಗೆ ಹೇಳಿದಳು:

“ದಿನಾ ಸಂಜೀಕ ಫೋನು ಇದರ ಬಾಯಿಗಿ ಹಿಡೀತಿದ್ನಿರಿ ಅಣ್ಣಾ. ಅಜ್ಜಾ ಯಾವಾಗ ಬರ್ತಿ ಅಂತ ಇದು ಕೇಳೂದು. ಉಂಡೆ, ನೀನೂ ಉಣ್ಣು ಅಂತ ಅಪ್ಪ ಅನ್ನೂದು.”

ನಮ್ಮ ಮಗ್ಗಗಳನ್ನು ಮಾರಿ ಬಹಳ ದಿನಗಳಾದವು. ಶೆಡ್ಡಿನಲ್ಲಿ ಈಗ ಯಾರದೋ ಸಿಮೆಂಟು ಚೀಲಗಳಿವೆ. ಓಣಿಯ ಮಂದಿ ಮಾತ್ರ ಇನ್ನೂ ಕೂಗಿಯೇ ಮಾತಾಡುತ್ತಾರೆ, ಹೊಸಬರು ಜಗಳವೆಂದು ತಿಳಿಯುತ್ತಾರೆ. ನಾನು ಅದೇ ಮೇಜಿನಲ್ಲಿದ್ದೇನೆ. ಈ ಸಲದ್ದು ಕಣ್ಣಿನ ಶಿಬಿರ. ಕಾಕಾನ ಮಾತು ಬಂದಾಗೆಲ್ಲ, ಹೆಸರು ಕರೆಯುತ್ತಿದ್ದವನಿಗೆ ಅವರ ಗುರುತಿರಲಿಲ್ಲ, ಅವನಾದರೂ ಏನು ಮಾಡಿಯಾನು ಎಂದು ಹೇಳುತ್ತ ಬಂದಿದ್ದೇನೆ. ಅದು ಖರೆಯೇ.

ಆದರೆ ಅವನು ಕರೆದದ್ದು ನನಗೆ ಕೇಳಿಸಿತ್ತು, ಮೂರು ಸಲವೂ. ನಾನು ವೇದಿಕೆಯ ಬದಿಯಲ್ಲಿ ನಿಂತು, ಸಾಹೇಬರ ಹಾರ ಬಾಡದಿರಲೆಂದು ನೀರು ಚಿಮುಕಿಸುತ್ತಿದ್ದೆ. ಮೂರನೇ ಸಾಲು ಅಲ್ಲಿಂದ ಹತ್ತು ಹೆಜ್ಜೆ.